ಒದೆಯದ ತೋಟೆ ಬೇಕಾಗಿದೆ

ನಮ್ಮ ಮಂಗಳೂರಿನ ಮನೆಯಲ್ಲಿ ಅಡುಗೆಮನೆಯ ಬಾಗಿಲು ಗಾಳಿಗೆ ಹಾಕಿಕೊಳ್ಳದಂತೆ ಒಂದು ಮರದ ತುಂಡು ಇಟ್ಟಿದ್ದೇನೆ. ಎರಡು ಬೆರಳು ದಪ್ಪ, ಅಂಗೈಯಷ್ಟು ಅಗಲ, ಎಣ್ಣೆ ಕುಡಿದು ಹೊಳೆಯುವ ಅಕ್ರೋಟಿನ ಮರ. ಮೊನ್ನೆ ಬಂದಿದ್ದ ನಾದಿನಿ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದೆಂತದು ಅತ್ತಿಗೆ, ಮಣೆಯ ತುಂಡಾ?" ಎಂದು ಕೇಳಿದಳು. "ಅಲ್ಲ, ಕೋವಿಯದ್ದು" ಎಂದೆ. ಅವಳು ಅದನ್ನು ಮೆಲ್ಲಗೆ ನೆಲಕ್ಕಿಟ್ಟು, ಸೋಫಾದ ಆಚೆ ತುದಿಗೆ ಹೋಗಿ ಕುಳಿತಳು.

ಆಕೆಯದು ತಪ್ಪಲ್ಲ. ರಕ್ತ ಪರೀಕ್ಷೆಯ ಸೂಜಿ ಕಂಡರೆ ಮುಖ ತಿರುಗಿಸುವ ನನಗೂ ಕೋವಿಗೂ ನಂಟಿದೆ ಎಂದರೆ ಯಾರು ನಂಬುತ್ತಾರೆ? ಆದರೆ ನೋಡಿ, ಅಬುಧಾಬಿಯಲ್ಲಿ ಸೆಕ್ರೆಟರಿಯಾಗಿ ದುಡಿದವಳಿಗೆ ಗೊತ್ತಿಲ್ಲದ ವಿದ್ಯೆ ಎಂಬುದಿರುವುದಿಲ್ಲ. ಇರಕೂಡದು. ನಾನಿದ್ದದ್ದು ನೀರಿನ ಪಂಪು ಮಾರುವ ಒಂದು ಸಣ್ಣ ಕಂಪನಿಯಲ್ಲಿ. ಧಣಿ ಅಬು ಮನ್ಸೂರ್, ಅಲ್ಲಿಯವರೇ. ನಾವೆಲ್ಲ ಅಲ್ಲಿನ ವಾಡಿಕೆಯಂತೆ ಅವರನ್ನು ಅರ್ಬಾಬ್ ಎನ್ನುತ್ತಿದ್ದೆವು. ನನ್ನ ನೇಮಕಾತಿ ಪತ್ರದ ಪ್ರಕಾರ ನನ್ನ ಕೆಲಸ ಪಂಪಿನ ಬಗ್ಗೆ ಪತ್ರ ಬರೆಯುವುದು. ಪತ್ರದಲ್ಲಿ ಬರೆಯದ ಕೆಲಸಗಳೆಂದರೆ ಅವರ ಮನೆಯ ಅಡುಗೆಯವಳ ಟಿಕೆಟ್, ಅಮ್ಮಾವ್ರ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್, ಗಿಡುಗದ ಪಾಸ್‌ಪೋರ್ಟ್. ಹೌದು, ಅಲ್ಲಿ ಬೇಟೆಯ ಗಿಡುಗಕ್ಕೂ ಪಾಸ್‌ಪೋರ್ಟ್ ಉಂಟು. ಅದರದ್ದು ನನ್ನದಕ್ಕಿಂತ ಬೇಗ ನವೀಕರಣವಾಗಿ ಬರುತ್ತಿತ್ತು ಎಂಬುದನ್ನು ಯಾವ ಹೊಟ್ಟೆಕಿಚ್ಚೂ ಇಲ್ಲದೆ ಹೇಳುತ್ತಿದ್ದೇನೆ.

ಒಂದು ಭಾನುವಾರ ಬೆಳಿಗ್ಗೆ, ಎಂದರೆ ಅಲ್ಲಿ ಆಗ ವಾರದ ಮೊದಲ ಕೆಲಸದ ದಿನ, ಅರ್ಬಾಬ್ ಕರೆದರು. ಅವರ ಮಾತು ಅರಬಿ, ಹಿಂದಿ, ಇಂಗ್ಲಿಷು ಕಲಸಿದ ಮಾತು. ನಾನದನ್ನು ಕನ್ನಡದಲ್ಲೇ ಹೇಳಿಬಿಡುತ್ತೇನೆ.

"ಲವೀನಾ, ಈ ಬೇಸಿಗೆ ರಜೆಯಲ್ಲಿ ಶಮ್ಮಾ ನನ್ನ ಜೊತೆ ಆಫ್ರಿಕಾಕ್ಕೆ ಬರ್ತಾಳೆ, ಬೇಟೆಗೆ. ಅವಳಿಗೆ ಒಂದು ರೈಫಲ್ ನೋಡು. ಒದೀಬಾರದು."

ಶಮ್ಮಾ ಅವರ ಮಗಳು, ಹದಿಮೂರು ವರ್ಷ. ಅರ್ಬಾಬರ ದೇಶದಲ್ಲಿ ಕಾಡುಪ್ರಾಣಿ ಬೇಟೆಗೆ ಬಿಡುವುದಿಲ್ಲವಾದ್ದರಿಂದ, ಬೇಟೆಯ ಚಪಲ ಇದ್ದವರು ವಿಮಾನ ಹತ್ತಿ ಆಫ್ರಿಕಾಕ್ಕೆ ಹೋಗುತ್ತಾರೆ. ಅಲ್ಲಿಯ ಜಿಂಕೆಗಳಿಗೆ ಈ ವ್ಯವಸ್ಥೆ ಹೇಗನಿಸುತ್ತದೋ ತಿಳಿಯದು.

"ಸರ್, ನನಗೆ ಪಂಪ್ ಬಗ್ಗೆ ಗೊತ್ತು" ಎಂದೆ.

"ನಿನ್ನ ಅಪ್ಪನ ಹತ್ರ ಕೋವಿ ಇತ್ತು ಅಂತ ನೀನೇ ಹೇಳಿದ್ದೆಯಲ್ಲ. ಖಲಾಸ್."

ಯಾವತ್ತೋ ಊಟದ ಹೊತ್ತಿನಲ್ಲಿ ಬಾಯಿತಪ್ಪಿ ಹೇಳಿದ್ದೆ. ಬೆಳ್ತಂಗಡಿ ಕಡೆ ನಮ್ಮ ಗೇರುಗುಡ್ಡೆಗೆ ಹಂದಿ ಬರುತ್ತಿತ್ತು, ಅಪ್ಪನ ಹತ್ತಿರ ಲೈಸೆನ್ಸಿನ ಒಂಟಿ ನಳಿಗೆಯ ಕೋವಿ ಇತ್ತು ಎಂದು. ಆ ಕೋವಿ ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ, ಫಲಿತಾಂಶ ಕೇಳಿಕೊಂಡು ವಾಪಸು ಬರುತ್ತಿತ್ತು. ಅಪ್ಪನಿಗಿಂತ ಹೆಚ್ಚು ರಾಜಕೀಯ ಕಂಡದ್ದು ಅದು. ಹಂದಿಗಳನ್ನು ಎಷ್ಟು ಕಂಡಿತೋ ನಾನರಿಯೆ. ಇಷ್ಟು ಅನುಭವದ ಬಲದ ಮೇಲೆ ನಾನು ಅಬುಧಾಬಿಯ ರೈಫಲ್ ತಜ್ಞೆಯಾಗಿ ನೇಮಕಗೊಂಡೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಆಗ ನಾವು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಒಂದು ವಿಲ್ಲಾದ ಮೇಲಂತಸ್ತಿನಲ್ಲಿದ್ದೆವು. ಮೆಲ್ವಿನ್ ಒಂದು ಹೋಟೆಲಿನ ಅಕೌಂಟ್ಸಿನಲ್ಲಿದ್ದ. ಬದುಕಿನಲ್ಲಿ ಅವನು ಹಿಡಿದ ಅತಿ ದೊಡ್ಡ ಆಯುಧ ಸೊಳ್ಳೆ ಬ್ಯಾಟು. ಆದ್ದರಿಂದ ಅವನಿಗೆ ವಿಷಯ ಕೂಡಲೇ ಅರ್ಥವಾಯಿತು.

"ನೀನೆಂತ ಸಣ್ಣದು ಹುಡುಕ್ತಾ ಕೂತಿದ್ದಿ? ದೊಡ್ಡದೇ ತಕೊಳ್ಲಿಕ್ಕೆ ಹೇಳು. ಮತ್ತೆ ಬೆಳೆದ ಮೇಲೂ ಆಗ್ತದೆ. ನಾವು ಮಕ್ಕಳಿಗೆ ಶೂ ತಕೊಳ್ಳುವುದಿಲ್ವಾ, ಹಾಗೆ."

"ಶೂ ತಿರುಗಿ ಒದೆಯುವುದಿಲ್ಲ ಮೆಲ್ವಿನ್" ಎಂದೆ.

ಅಂದಿನಿಂದ ಕೆಲಸ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ನನ್ನ ಅಧ್ಯಯನ ಶುರುವಾಯಿತು. ತೋಟೆ ಎಂದರೆ ನಿಮಗೆ ಗೊತ್ತಿರಬಹುದು, ಹಿತ್ತಾಳೆಯ ಸಣ್ಣ ಕೊಳವೆ. ಒಳಗೆ ಮದ್ದು, ಬಾಯಲ್ಲಿ ಗುಂಡು. ಮದ್ದು ಹೆಚ್ಚಿದಷ್ಟೂ ಗುಂಡು ಭಾರವಾದಷ್ಟೂ ಕೋವಿ ಹಿಂದಕ್ಕೆ ಹೆಚ್ಚು ಒದೆಯುತ್ತದೆ. ಕೋವಿ ಹಗುರವಾದರೆ ಒದೆ ಇನ್ನೂ ಜೋರು. ಇಷ್ಟು ಸರಳ ವಿಷಯ. ಆದರೆ ಅದನ್ನು ತಿಳಿಯಬೇಕಾದರೆ ಪ್ರಪಂಚದ ಅಷ್ಟೂ ಗಂಡಸರು ಅಂತರ್ಜಾಲದಲ್ಲಿ ಕುಳಿತು ಆಡುವ ಜಗಳವನ್ನು ಓದಬೇಕು. ಒಬ್ಬ ಟೂ-ಫಾರ್ಟಿ-ತ್ರೀ ಎಂಬ ತೋಟೆ ಮಕ್ಕಳಿಗೆ ಅಮೃತ ಎನ್ನುತ್ತಾನೆ. ಇನ್ನೊಬ್ಬ ಆಗಷ್ಟೇ ಫ್ಯಾಶನ್ನಿಗೆ ಬಂದಿದ್ದ ಸಿಕ್ಸ್-ಪಾಯಿಂಟ್-ಫೈವ್ ಬಿಟ್ಟರೆ ಉಳಿದದ್ದೆಲ್ಲ ಗುಜರಿ ಎನ್ನುತ್ತಾನೆ. ಮೂರನೆಯವನು ತಾನು ಎಂಟು ವರ್ಷದವನಿದ್ದಾಗ ಆನೆ ಹೊಡೆಯುವ ಕೋವಿಯಿಂದ ಕಲಿತೆ, ತನಗೇನೂ ಆಗಿಲ್ಲ ಎಂದು ಬರೆಯುತ್ತಾನೆ. ಅವನ ಬರವಣಿಗೆ ನೋಡಿದರೆ ಏನೋ ಆಗಿರುವುದು ಸ್ಪಷ್ಟವಿತ್ತು.

ಇನ್ನು ಅಂಗಡಿ. ದುಬೈಯಲ್ಲಿ ಬೇಟೆ ಸಾಮಾನಿನ ಒಂದು ದೊಡ್ಡ ಅಂಗಡಿಗೆ ಹೋದರೆ ಅಲ್ಲಿ ಇಮ್ತಿಯಾಝ್ ಎಂಬ ಭಟ್ಕಳದ ಸೇಲ್ಸ್‌ಮನ್ ಸಿಕ್ಕಿದ. ನನ್ನ ಇಂಗ್ಲಿಷ್ ಕೇಳಿ ಎರಡೇ ವಾಕ್ಯಕ್ಕೆ, "ಮಂಗಳೂರಾ ಮೇಡಂ?" ಎಂದು ಕನ್ನಡಕ್ಕೆ ಇಳಿದ. ಮೊದಲು ಅವನು ಅತ್ತರಿನ ಅಂಗಡಿಯಲ್ಲಿದ್ದನಂತೆ. ಕೋವಿಯ ಪೆಟ್ಟಿಗೆಯನ್ನೂ ಅತ್ತರಿನ ಬಾಟಲಿಯಷ್ಟೇ ನಾಜೂಕಿನಿಂದ ತೆರೆದು, ಒಂದು ಹೆಜ್ಜೆ ಹಿಂದೆ ಸರಿದು, ನಾನು ಮೂಸಿ ನೋಡಲೆಂಬಂತೆ ಕಾಯುತ್ತಿದ್ದ.

"ಹೆಣ್ಮಕ್ಕಳಿಗೆ ಅಂದ್ರೆ ಇದು ನೋಡಿ. ಬಹಳ ಹಗುರ. ಗುಲಾಬಿ ಬಣ್ಣದಲ್ಲೂ ಬರ್ತದೆ."

"ಹಗುರವಾದರೆ ಜಾಸ್ತಿ ಒದೆಯುವುದಿಲ್ವಾ?"

"ಒದೆ ಎಂತದು ಮೇಡಂ. ಭುಜಕ್ಕೆ ಹಿಂಗೆ ತಟ್ಟಿದ ಹಂಗೆ, ಅಷ್ಟೇ."

"ನೀವು ಹೊಡೆದು ನೋಡಿದ್ದೀರಾ?"

"ನಂದು ಸೇಲ್ಸ್ ಮೇಡಂ" ಎಂದ ಇಮ್ತಿಯಾಝ್, ಒಂಚೂರೂ ಅಳುಕದೆ.

ನಾನು ಟೂ-ಫಾರ್ಟಿ-ತ್ರೀಯ ಸ್ವಲ್ಪ ಭಾರದ ರೈಫಲ್ ಒಂದನ್ನು ಗುರುತು ಮಾಡಿಕೊಂಡು ಬಂದೆ. ಅರ್ಬಾಬ್ ಒಪ್ಪಿದರು. ಅಷ್ಟರಲ್ಲಿ ಅವರ ತಮ್ಮ ಹಮದ್ ಆಫೀಸಿಗೆ ಬಂದ. ಹಮದ್ ಬಗ್ಗೆ ಏನು ಹೇಳಲಿ. ಅವನು ಯಾವುದನ್ನೂ ನಿಧಾನವಾಗಿ ಓಡಿಸಿದವನಲ್ಲ, ಯಾವುದನ್ನೂ ಮೆಲ್ಲಗೆ ಹೇಳಿದವನಲ್ಲ. ಸೋಫಾದಲ್ಲಿ ಒರಗಿ, ಕಾಫಿ ಕುಡಿಯುತ್ತ, ನನ್ನ ಹಲವು ವಾರಗಳ ಅಧ್ಯಯನವನ್ನು ಒಂದು ಮಾತಿನಲ್ಲಿ ಮುಗಿಸಿದ.

"ಟೂ-ಫಾರ್ಟಿ-ತ್ರೀಯಾ? ಅದು ಬೆಕ್ಕಿಗೆ. ಈ ಶುಕ್ರವಾರ ನನ್ನ ದೊಡ್ಡ ಮ್ಯಾಗ್ನಮ್ ಕೋವಿ ಕೊಟ್ಟು ನೋಡೋಣ. ತಡ್ಕೊಂಡ್ರೆ ಬರಲಿ. ಇಲ್ಲಾಂದ್ರೆ ಹುಡುಗಿ ಮನೇಲಿರಲಿ. ಇದು ಹುಡುಗಿಯರಿಗೆ ಆಗೋದಲ್ಲ."

ತಮ್ಮನ ಮಾತಿಗೆ ಅಣ್ಣ ಬೇಡ ಎನ್ನಲಿಲ್ಲ. ಹುಡುಗಿಯ ಜೊತೆ ಒಬ್ಬ ಹೆಂಗಸು ಇರಲಿ ಎಂದು ನನ್ನನ್ನೂ ಕಳಿಸಿದರು. ಶುಕ್ರವಾರದ ನನ್ನ ಇಗರ್ಜಿಯ ಪೂಜೆ, ಬಟ್ಟೆ ಒಗೆತ, ಮೀನು ಮಾರ್ಕೆಟ್ ಮೂರನ್ನೂ ಬಿಟ್ಟು ಅಲ್ ಐನ್ ದಾರಿಯ ಒಂದು ಶೂಟಿಂಗ್ ಕ್ಲಬ್ಬಿಗೆ ಹೋದೆ.

ಶಮ್ಮಾ ಸಪೂರ ಹುಡುಗಿ, ಹಲ್ಲಿಗೆ ತಂತಿ, ಇಂಗ್ಲಿಷು ಪಟಪಟ. ಹೋಗುವಾಗ ದಾರಿಯುದ್ದಕ್ಕೂ ಜಿಂಕೆಗಳ ಬಗ್ಗೆ ಹೇಳುತ್ತಿದ್ದಳು. ಯಾವುದು ಎಷ್ಟು ಎತ್ತರ ನೆಗೆಯುತ್ತದೆ, ಯಾವುದರ ಕೊಂಬು ಹೇಗೆ ತಿರುಚಿರುತ್ತದೆ. ಅವಳಿಗೆ ಬೇಟೆಗಿಂತ ಹೆಚ್ಚು ಬೇಕಾಗಿದ್ದದ್ದು ಅಪ್ಪನ ಜೊತೆ ಹೋಗುವುದು. ಅವಳ ಅಣ್ಣ ಮನ್ಸೂರನನ್ನು ಅಪ್ಪ ಮೂರು ಸಲ ಕರೆದುಕೊಂಡು ಹೋಗಿದ್ದರು.

ಹಮದ್ ತನ್ನ ಕೋವಿಯನ್ನು ಮರಳಿನ ಚೀಲದ ಮೇಲಿಟ್ಟು, ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಪಾಠ ಒಂದೇ ಮಾತಿನದು: "ಗಟ್ಟಿ ಹಿಡಿ." ಕೋವಿಯನ್ನು ಭುಜಕ್ಕೆ ಆನಿಸುವ ಮರದ ಹಿಡಿ ಅವಳ ಕೈಗಿಂತ ಉದ್ದ, ಕತ್ತು ಚಾಚಿ ಕೋವಿಯ ಮೇಲಿನ ದುರ್ಬೀನಿಗೆ ಕಣ್ಣು ಹಚ್ಚಬೇಕಾಗಿತ್ತು. ಹೊಡೆದಳು. ಅವಳು ಕುರ್ಚಿ ಸಮೇತ ಹಿಂದೆ ಸರಿದಳು. "ಇನ್ನೊಂದು" ಎಂದ ಹಮದ್. ಈ ಸಲ ಅವಳು ಕಣ್ಣು ಮುಚ್ಚಿಕೊಂಡೇ ಟ್ರಿಗರ್ ಎಳೆದದ್ದು ನನಗೆ ಕಂಡಿತು. ಗುಂಡು ಎದುರಿನ ಮಣ್ಣಿಗೆ ಬಿತ್ತು. ಹಮದ್ ನಗುತ್ತ ಕೋವಿ ಎತ್ತಿಕೊಂಡ.

ಕಾರಿನಲ್ಲಿ ನಾವಿಬ್ಬರೇ ಹಿಂದೆ ಕುಳಿತಾಗ ಅವಳು ಅಬಾಯದ ಕುತ್ತಿಗೆ ಸರಿಸಿ ತೋರಿಸಿದಳು. ಭುಜದ ಗುಂಡಿ ಕೆಂಪಗೆ ಊದಿಕೊಂಡಿತ್ತು.

"ಐ ಡೋಂಟ್ ವಾಂಟ್ ಟು ಗೋ, ಮಿಸ್. ಬಾಬಾಗೆ ಹೇಳಬೇಡಿ."

ಈಗ ನಿಮಗೆ ಇನ್ನೊಂದು ವಿಷಯ ಹೇಳಬೇಕು. ಅಪ್ಪನ ಆ ಕೋವಿಯನ್ನು ನಾನೂ ಒಮ್ಮೆ ಹೊಡೆದಿದ್ದೆ, ಹೆಚ್ಚುಕಡಿಮೆ ಶಮ್ಮಾಳ ಪ್ರಾಯದಲ್ಲಿ. ಅಣ್ಣಂದಿರಿಬ್ಬರಿಗೂ ಕೊಟ್ಟ ಮೇಲೆ ನನಗೂ ಬೇಕೆಂದು ಹಟ ಹಿಡಿದೆ. ಅಪ್ಪನ ಪಾಠವೂ ಅದೇ, "ಗಟ್ಟಿ ಹಿಡಿ." ಮರುಕ್ಷಣ ನಾನು ಹಿಂದೆ ರಾಶಿ ಹಾಕಿದ್ದ ಗೇರುಹಣ್ಣಿನ ಮೇಲೆ ಕುಳಿತಿದ್ದೆ. ಗೇರುಹಣ್ಣಿನ ರಸ ಬಟ್ಟೆಗೆ ಹಿಡಿದರೆ ಬಟ್ಟೆ ಹರಿದರೂ ಕಲೆ ಹೋಗದು. ಅಣ್ಣಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪ ಕೋವಿಗೆ ಪೆಟ್ಟಾಯಿತೋ ಎಂದು ಮೊದಲು ಅದನ್ನು ಎತ್ತಿಕೊಂಡು ಒರೆಸಿದರು. ಆಮೇಲೆ ನನ್ನ ಕಡೆ ನೋಡಿ, "ಹುಡುಗಿಯರಿಗೆ ಆಗುವಂಥದ್ದಲ್ಲ ಇದು" ಎಂದರು, ಸಿಟ್ಟಿನಿಂದಲ್ಲ, ಹವಾಮಾನ ಹೇಳುವವರ ಹಾಗೆ. ಭುಜ ಹಸಿರಾಗಿ ಹಳದಿಯಾಗುವವರೆಗೆ ಕೈ ಎತ್ತಿದರೆ ನೋವು ಗೊತ್ತಾದೀತೆಂದು ನಾನು ಅಮ್ಮನ ಎದುರು ತಲೆ ಬಾಚಿಕೊಳ್ಳಲಿಲ್ಲ. ಕೋವಿಯನ್ನು ಮತ್ತೆ ಮುಟ್ಟಲೂ ಇಲ್ಲ. ನನ್ನ ಅಳತೆಗೆ ಸಿಗದ ಒಂದು ತೋಟೆಯಿಂದಾಗಿ, ನಾನು ಯಾವುದಕ್ಕೆ ಆಗುವವಳಲ್ಲ ಎಂಬ ತೀರ್ಪು ಒಂದೇ ನಿಮಿಷದಲ್ಲಿ ಬಂದಿತ್ತು.

ಕ್ಲಬ್ಬಿಗೆ ಹೋದ ಮಾರನೆ ದಿನ ಶನಿವಾರ, ರಜೆ. ಭಾನುವಾರ ಅರ್ಬಾಬರ ಕೋಣೆಗೆ ಹೋಗಿ ಬಾಗಿಲು ಹಾಕಿದೆ. ವೀಸಾ ಕೊಟ್ಟ ಧಣಿಯ ಎದುರು ಅವರ ತಮ್ಮನ ಬಗ್ಗೆ ಮಾತಾಡುವುದು ಎಂಥ ಕೆಲಸ ಎಂಬುದು ಗಲ್ಫಿನಲ್ಲಿದ್ದವರಿಗೆ ಮಾತ್ರ ಗೊತ್ತು. ಮೆಲ್ವಿನ್ ಬೆಳಿಗ್ಗೆಯೇ, "ನೀನು ಬಾಯಿ ಮುಚ್ಚಿಕೊಂಡಿರು, ಇಲ್ಲದಿದ್ರೆ ಮುಂದಿನ ತಿಂಗಳು ನಾವಿಬ್ರೂ ಊರಿಗೆ ಕಾರ್ಗೋ ಪೆಟ್ಟಿಗೆ ಕಟ್ಟಬೇಕು" ಎಂದು ಧೈರ್ಯ ತುಂಬಿ ಕಳಿಸಿದ್ದ. ಶಮ್ಮಾ ಹೇಳಬೇಡಿ ಎಂದಿದ್ದರಿಂದ ಭುಜದ ಸುದ್ದಿ ಎತ್ತಲಿಲ್ಲ.

"ಸರ್, ತೋಟೆ ಆರಿಸೋದು ನನಗೆ ವಹಿಸಿದ್ರಿ. ಹಾಗಿದ್ರೆ ಪ್ರವಾಸದವರೆಗೆ ನನಗೇ ಬಿಡಿ. ಬೇರೆ ಯಾರೂ ಅವಳ ಪಕ್ಕ ನಿಂತು ಕಲಿಸೋದು ಬೇಡ."

"ಬೇರೆ ಯಾರೂ ಅಂದ್ರೆ?"

"ಹಮದ್ ಸರ್."

ಅವರು ಜಪಸರದ ಮಣಿಗಳನ್ನು ಸರಿಸುತ್ತ ನನ್ನನ್ನೇ ನೋಡಿದರು. ನನಗೆ ಕಾರ್ಗೋ ಪೆಟ್ಟಿಗೆಯ ಅಳತೆ ಕಣ್ಣೆದುರು ಬಂತು.

"ನೋವಾಯ್ತಾ ಅವಳಿಗೆ?" ಎಂದರು.

ನಾನು ಅವರ ಮೇಜಿನ ಮೇಲಿನ ಕಾಗದಗಳನ್ನು ಸರಿಯಾಗಿ ಜೋಡಿಸತೊಡಗಿದೆ.

"ಸರಿ, ನೀನೇ ನೋಡ್ಕೋ" ಎಂದು ಫೋನ್ ಎತ್ತಿಕೊಂಡರು.

ಹೀಗೆ ಪ್ರತಿ ಶುಕ್ರವಾರ ನನ್ನ ದೇವರನ್ನೂ ಮೀನನ್ನೂ ಬಿಟ್ಟು ಕ್ಲಬ್ಬಿನ ಬಿಸಿಲು. ಕ್ಲಬ್ಬಿನ ಕೋಚ್ ಕಲಿಸುತ್ತಿದ್ದ. ನಾನು ಪಕ್ಕದಲ್ಲಿ ಕೂತು ಯಾರೂ ಬಾರದಂತೆ ಕಾಯುತ್ತಿದ್ದೆ. ಮೊದಲು ಟೂ-ಟೂ ಎಂಬ ಸಣ್ಣ ತೋಟೆ. ಅದಕ್ಕೆ ಒದೆ ಎಂಬುದೇ ಇಲ್ಲ. ಸ್ಟೇಪ್ಲರ್ ಒತ್ತಿದ ಹಾಗೆ. ಕೆಲವು ವಾರ ಬರಿಯ ಕಾಗದಕ್ಕೆ ತೂತು. ಕಣ್ಣು ಮುಚ್ಚುವ ಅಭ್ಯಾಸ ನಿಧಾನವಾಗಿ ಹೋಯಿತು. ಆಮೇಲೆ ಟೂ-ಫಾರ್ಟಿ-ತ್ರೀ.

ಇಲ್ಲಿ ನನ್ನ ಪಾಂಡಿತ್ಯದ ಒಂದು ಪ್ರದರ್ಶನವೂ ನಡೆಯಿತು. ನಳಿಗೆಯ ತುದಿಗೆ ತೂತುಗಳಿರುವ ಒಂದು ಬಿರಡೆ ಹಾಕಿದರೆ ಒದೆ ಅರ್ಧಕ್ಕರ್ಧ ಇಳಿಯುತ್ತದೆ ಎಂದು ಓದಿದ್ದೆ. ಇಮ್ತಿಯಾಝ್, "ಇದು ಬಹಳ ಮೂವಿಂಗ್ ಐಟಂ ಮೇಡಂ" ಎಂದು ಕೊಟ್ಟ. ಒದೆ ಇಳಿದದ್ದು ನಿಜ. ಆದರೆ ಸದ್ದು ಅಕ್ಕಪಕ್ಕಕ್ಕೆ ತಿರುಗಿತು. ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಗೌರವಸ್ಥರೊಬ್ಬರ ಕೈಯಿಂದ ನೀರಿನ ಬಾಟಲಿ ಬಿತ್ತು. ಶಮ್ಮಾ ಕಿವಿಗೆ ಹಾಕಿದ್ದ ಮುಚ್ಚಳದ ಮೇಲೆ ಎರಡೂ ಕೈ ಒತ್ತಿಕೊಂಡು, "ಮಿಸ್, ಪ್ಲೀಸ್, ಮಾಫಿ ಬಿರಡೆ" ಎಂದಳು, ಬಿರಡೆ ಬೇಡವೆಂದು. ಭುಜ ಉಳಿಸಲು ಹೋಗಿ ಕಿವಿ ಕಳೆಯುವ ಆ ಯಂತ್ರವನ್ನು ಅಂದೇ ತೆಗೆಸಿದೆ.

ನಿಜವಾಗಿ ಕೆಲಸಕ್ಕೆ ಬಂದದ್ದು ಗರಗಸ. ಹೊಸ ಕೋವಿಯ ಹಿಡಿಯೂ ಅವಳಿಗೆ ಉದ್ದವೇ ಇತ್ತು. ಹಿಡಿ ಭುಜಕ್ಕೆ ಸರಿಯಾಗಿ ಕೂರದಿದ್ದರೆ ಸಣ್ಣ ತೋಟೆಯೂ ದೊಡ್ಡದಾಗಿಯೇ ಒದೆಯುತ್ತದೆ ಎಂದ ಕೋಚ್. ಹೊಚ್ಚ ಹೊಸ ಕೋವಿಯನ್ನು ಕೊಯ್ಯಬೇಕು ಎಂದಾಗ ಅರ್ಬಾಬ್ ತಮ್ಮ ಒಂಟೆಯ ಕಾಲು ಕೊಯ್ಯಲು ಕೇಳಿದವಳಂತೆ ನನ್ನನ್ನು ನೋಡಿದರು. ಕೊನೆಗೆ ಒಪ್ಪಿದರು. ಅಂಗಡಿಯ ರಿಪೇರಿಯವನು ಎರಡು ಬೆರಳಿನಷ್ಟು ಕೊಯ್ದು, ತುದಿಗೆ ಮೆತ್ತನೆಯ ರಬ್ಬರ್ ಕೂರಿಸಿದ. ಕೊಯ್ದ ತುಂಡನ್ನು ಕೇಳಿ ತಂದೆ. ನಾದಿನಿಯನ್ನು ಸೋಫಾದ ತುದಿಗೆ ಓಡಿಸಿದ್ದು ಅದೇ.

ಹೊರಡುವ ಮೊದಲಿನ ಶುಕ್ರವಾರ ಅರ್ಬಾಬ್ ತಾವೇ ನೋಡಲು ಬಂದರು. ಕರೆಯದಿದ್ದರೂ ಹಮದ್ ಮ್ಯಾಗ್ನಮ್ ಸಮೇತ ಬಂದ. ಶಮ್ಮಾ ಕುಳಿತಳು, ಉಸಿರು ಬಿಟ್ಟಳು, ಹೊಡೆದಳು. ಐದು ಗುಂಡೂ ಅಂಗೈ ಮುಚ್ಚುವಷ್ಟರೊಳಗೆ ಬಿದ್ದವು. ಅರ್ಬಾಬ್ ಕಾಗದವನ್ನು ತರಿಸಿ ಬಿಸಿಲಿಗೆ ಹಿಡಿದು ನೋಡಿದರು, ಮಡಚಿ ತಮ್ಮ ಉದ್ದ ನಿಲುವಂಗಿ ಕಂದೂರದ ಜೇಬಿಗೆ ಹಾಕಿಕೊಂಡರು.

"ಚೆನ್ನಾಗಿದೆ. ಆಟದ ಸಾಮಾನು" ಎಂದ ಹಮದ್. "ಈಗ ಗಂಡಸರ ತೋಟೆ ನೋಡಿ." ಅವನು ಅವಸರದಲ್ಲಿ ಕೂತು, ದುರ್ಬೀನಿಗೆ ಕಣ್ಣು ಅಂಟಿಸುವಷ್ಟು ಬಾಗಿ ಹೊಡೆದ. ಕೋವಿ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿತು. ದುರ್ಬೀನಿನ ಅಂಚು ಹುಬ್ಬಿನ ಮೇಲೆ ಅಚ್ಚುಕಟ್ಟಾದ ಅರ್ಧಚಂದ್ರವೊಂದನ್ನು ಕೊರೆಯಿತು. ರಕ್ತ ಬಿಳಿ ಕಂದೂರದ ಮೇಲೆ ಇಳಿಯಿತು. ನಾನು ನನ್ನ ಶಾಲನ್ನು ಮಡಚಿ ಒತ್ತಿ ಹಿಡಿದೆ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಶಮ್ಮಾ ಅವನಿಗೆ ನೀರು ಕುಡಿಸಿ, ಬಹಳ ಮರ್ಯಾದೆಯಿಂದ, "ಅಂಕಲ್, ನೆಕ್ಸ್ಟ್ ಟೈಮ್ ಟೂ-ಫಾರ್ಟಿ-ತ್ರೀ ಟ್ರೈ ಮಾಡಿ" ಎಂದಳು. ಅರ್ಬಾಬ್ ಕಿಟಕಿಯ ಕಡೆ ಮುಖ ತಿರುಗಿಸಿದರು. ಅವರ ಭುಜ ಕುಲುಕುತ್ತಿತ್ತು. ನಾನು ಗಂಭೀರವಾಗಿದ್ದೆ, ಅದಕ್ಕೂ ನನಗೆ ಸಂಬಳವಿತ್ತು.

ಅವರು ಆಫ್ರಿಕಾದಿಂದ ಬಂದ ಮೇಲೆ ಆಫೀಸಿನಲ್ಲಿ ಖರ್ಜೂರ, ಹಲ್ವ, ಫೋನಿನಲ್ಲಿ ಚಿತ್ರ. ಒಂದೇ ಗುಂಡು, ಒಂದು ಜಿಂಕೆ. ಅರ್ಬಾಬ್ ಅದನ್ನು ಗಿರಾಕಿಗಳಿಗೂ ಹೇಳಿದರು, ನೀರು ತರುವವನಿಗೂ ಹೇಳಿದರು. "ಭುಜ ಅಲುಗಾಡಲಿಲ್ಲ. ಲವೀನಾ ಆರಿಸಿದ ತೋಟೆ." ಮನೆಯಲ್ಲಿ ಮೆಲ್ವಿನ್, ತಾನು ಮೊದಲೇ ಸಣ್ಣದನ್ನು ಸೂಚಿಸಿದ್ದಾಗಿ ನೆರೆಯವರಿಗೆ ಹೇಳುತ್ತಿದ್ದ.

ಶಾಲೆ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಶಮ್ಮಾ ಆಫೀಸಿಗೆ ಬಂದಳು. ನನ್ನ ಮೇಜಿನ ಎದುರು ಕುಳಿತು ಪೆನ್ನುಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು.

"ಭುಜ ಹೇಗಿದೆ?" ಎಂದು ಕೇಳಿದೆ, ಹೊಗಳಿಕೆ ಕೇಳುವ ಆಸೆಯಿಂದ.

"ಏನೂ ಆಗ್ಲಿಲ್ಲ ಮಿಸ್. ಗೊತ್ತೇ ಆಗ್ಲಿಲ್ಲ." ಕೆಂಪು ಪೆನ್ನೊಂದನ್ನು ಎತ್ತಿಕೊಂಡು, "ಅದು ಬಿದ್ದ ಮೇಲೆ ಕಾಲು ಇನ್ನೂ ಆಡ್ತಿತ್ತು. ಎಲ್ಲರೂ ಬಂದು ನನ್ನ ಭುಜ ಮುಟ್ಟಿ ನೋವಾಯ್ತಾ ನೋವಾಯ್ತಾ ಅಂತ ಕೇಳಿದ್ರು. ನಂಗೆ ಏನೂ ಆಗಿರ್ಲಿಲ್ಲ. ಇಟ್ ಶುಡ್ ಹರ್ಟ್ ಅ ಲಿಟಲ್, ನೋ?"

ಅಂತರ್ಜಾಲದಲ್ಲಿ ಅಷ್ಟು ಜನರ ಜಗಳ ಓದಿದ್ದೆ. ಆ ಗಂಡಸರಲ್ಲಿ ಒಬ್ಬನೂ ಈ ಪ್ರಶ್ನೆ ಕೇಳಿರಲಿಲ್ಲ.

"ಬಾಬಾಗೆ ಹೇಳಿದ್ಯಾ?"

"ಬಾಬಾ ತುಂಬಾ ಖುಷಿಯಲ್ಲಿದ್ದಾರೆ" ಎಂದಳು.

ಒಳಗಿಂದ ಅರ್ಬಾಬರ ದನಿ ಬಂತು. "ಲವೀನಾ, ಮುಂದಿನ ವರ್ಷ ದೊಡ್ಡ ಜಿಂಕೆ. ಸ್ವಲ್ಪ ದೊಡ್ಡ ತೋಟೆ ನೋಡಿಡು." ಶಮ್ಮಾ ಪೆನ್ನು ಕೆಳಗಿಟ್ಟಳು. ನನ್ನನ್ನು ನೋಡಿದಳು.

ಎದ್ದು ಹೋಗಿ ಬಾಗಿಲು ತೆರೆದೆ. "ಸರ್, ತೋಟೆ ಆಮೇಲೆ. ಶಮ್ಮಾಗೆ ನಿಮ್ಮ ಹತ್ರ ಮಾತಾಡ್ಬೇಕಂತೆ" ಎಂದೆ. ಅವಳು ನನ್ನನ್ನು ತಿನ್ನುವ ಹಾಗೆ ನೋಡಿ ಒಳಗೆ ಹೋದಳು. ನಾನು ಬಾಗಿಲೆಳೆದು ಬಂದು ಪಂಪಿನ ಕೊಟೇಶನ್ ಟೈಪ್ ಮಾಡಲು ಕುಳಿತೆ; ಒಂದೇ ಸಾಲನ್ನು ಮತ್ತೆ ಮತ್ತೆ ಟೈಪ್ ಮಾಡಿ ಅಳಿಸಿದೆ. ಒಳಗೆ ಮೊದಲು ಅವಳ ದನಿ, ಆಮೇಲೆ ಕುರ್ಚಿ ಸರಿಸಿದ ಸದ್ದು.

ಬಾಗಿಲು ತೆರೆದಾಗ ಅರ್ಬಾಬ್ ತಲೆವಸ್ತ್ರವನ್ನು ಕೈಯಲ್ಲಿ ಹಿಡಿದಿದ್ದರು. ಅವರ ಬೋಳುತಲೆಯನ್ನು ನಾನು ಕಂಡದ್ದು ಅದೇ ಮೊದಲು. ಶಮ್ಮಾ ಅವರ ಹಿಂದೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದಳು.

"ಲವೀನಾ, ಬರೀ ಕಾಗದಕ್ಕೆ ಹೊಡೆಯೋದಿದ್ರೆ ಯಾವ ತೋಟೆ ಒಳ್ಳೇದು, ಸ್ವಲ್ಪ ನೋಡು" ಎಂದರು. ಹೊರಬಾಗಿಲವರೆಗೆ ಹೋದವರು ತಿರುಗಿ ನಿಂತು, "ಎರಡು ಕೋವಿಗೆ ನೋಡು. ಶುಕ್ರವಾರ ಅವಳ ಜೊತೆ ನಾನೂ ಹೋಗ್ತೇನೆ" ಎಂದರು.